ದಾರದ ಕಣ್ಣುಗಳು

ಜೂನ್ ೯, ಭಾನುವಾರ

ಮಗಳೇ,

ಪಿಟೀಲಿನ ಗಂಟಲು ಈಗ ಹೇಗಿದೆ? ದನಿ ಬಂತೇ, ಇಲ್ಲ ಇನ್ನೂ ಗೊರಗೊರ ಎನ್ನುತ್ತದೆಯೇ? ಇದಿಷ್ಟಕ್ಕೆ ಮೊದಲು ಉತ್ತರ ಬರೆದಿಟ್ಟುಕೊಂಡು ಉಳಿದದ್ದನ್ನು ಆಮೇಲೆ ಓದು. ಹುಟ್ಟಿದ ದಿನದಿಂದ ಕುಂಯ್ ಕುಂಯ್ ಎಂದು ರಾಗ ಎಳೆಯುತ್ತಾಳೆಂದು ನಾವೇ ಅಲ್ಲವೇ ಅವಳಿಗೆ ಪಿಟೀಲು ಅಂತ ಹೆಸರಿಟ್ಟದ್ದು. ಈಗ ಅದರ ತಂತಿಯನ್ನು ನಾನೇ ಕಿತ್ತುಹಾಕಿದೆನೇನೋ.

ಫೋನ್ ಮಾಡಿದರೆ ನೀನು "ಹೂಂ, ಚೆನ್ನಾಗಿದ್ದಾಳೆ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳ ಬರವಣಿಗೆ, ಒತ್ತು ದೀರ್ಘ ಎಲ್ಲಿ ಬೇಕೋ ಅಲ್ಲಿ ನೀನೇ ಹಾಕಿಕೋ.

ನೀನು ಹೇಳಿದ್ದು ಮರೆತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ಇನ್ನು ನಿನ್ನ ಗೊಂಬೆ ನಮ್ಮನೆಗೆ ಬೇಡ. ನೀನೂ ಸ್ವಲ್ಪ ದಿನ ಬರಬೇಡಮ್ಮಾ" ಎಂದೆ. ಸರಿಯಾದ ಮಾತೇ. ನಾನು ಉಲ್ಲನ್ನಿನಲ್ಲಿ ಹೆಣೆದ ಕಪ್ಪೆ, ನಾನು ಹಚ್ಚಿದ ಗುಂಡಿಯ ಕಣ್ಣು. ಅದು ಕಿತ್ತು ಬಂದು ಮಗುವಿನ ಗಂಟಲಿಗೆ ಇಳಿಯಿತು. ಮಗು ನೀಲಿಯಾಯಿತು. ಡಾಕ್ಟರು ಅದನ್ನು ತೆಗೆದು ತಟ್ಟೆಗೆ ಟಣ್ ಎಂದು ಹಾಕಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಇಪ್ಪತ್ತೆರಡು ವರ್ಷದಿಂದ ಲಾಂಡ್ರಿಯಲ್ಲಿ ನನ್ನ ಕೆಲಸವೇ ಗುಂಡಿ ನೋಡುವುದು. ಒಂದೊಂದು ಅಂಗಿಯ ಒಂದೊಂದು ಗುಂಡಿ ಎಳೆದು ನೋಡಿ, ಸಡಿಲವಾದದ್ದನ್ನು ಬಿಗಿ ಮಾಡಿ, ನಂಬರ್ ಚೀಟಿ ಹೊಲಿದು ಒಳಗೆ ಕಳಿಸುತ್ತೇನೆ. ಊರವರ ಗುಂಡಿಗೆಲ್ಲ ಕಾವಲಿದ್ದವಳು ನಾನು.

ಮನೆಗೆ ಬಂದ ದಿನವೇ ಕತ್ತರಿ ಹಿಡಿದು ಕಪಾಟಿನಲ್ಲಿದ್ದ ಅಷ್ಟೂ ಗೊಂಬೆಗಳ ಕಣ್ಣು ತೆಗೆದುಬಿಟ್ಟೆ. ರೇನ್‌ಕೋಟು ತೊಟ್ಟ ಕೋಳಿ, ಕೊಡೆ ಹಿಡಿದ ಆನೆ, ಸೂಟ್‌ಕೇಸ್ ಹೊತ್ತ ಬಸವನಹುಳ, ಯಾವುದನ್ನೂ ಬಿಡಲಿಲ್ಲ. ಈಗ ಕಪಾಟಿನ ಬಾಗಿಲು ತೆಗೆದರೆ ಎಲ್ಲ ಸಾಲಾಗಿ ಕೂತು ನನ್ನನ್ನೇ ನೋಡುತ್ತವೆ. ಕಣ್ಣಿಲ್ಲದೆ ಹೇಗೆ ನೋಡುತ್ತವೆ ಅಂತ ಕೇಳಬೇಡ. ನೋಡುತ್ತವೆ.

ಗಂಟಲಿನ ವಿಷಯಕ್ಕೆ ಕಾದು ಕೂತಿರುವ,
ನಿನ್ನ ಅಮ್ಮ

*

ಜೂನ್ ೩೦

ಅಮ್ಮಾ,

ಗಂಟಲು ವಾಸಿಯಾಗಿದೆ. ದನಿ ಮೊದಲಿನ ಹಾಗೇ ಇದೆ, ಕೆಳಗಿನ ಮನೆಯವರು ಬಂದು ದೂರು ಹೇಳುವಷ್ಟು.

ನಮ್ಮ ಕನ್ನಡಕದಂಗಡಿಗೆ ಕಣ್ಣು ಪರೀಕ್ಷೆಯ ಹೊಸ ಯಂತ್ರ ಬಂದಿದೆ. ಅದನ್ನು ಕಲಿಯುವುದರಲ್ಲೇ ದಿನ ಹೋಗುತ್ತದೆ. ಏನೂ ಕಳಿಸಬೇಡ. ನಿನ್ನ ಆರೋಗ್ಯ ನೋಡಿಕೋ.

ಮಗಳು

*

ಜುಲೈ ೨೧

ಮಗಳೇ,

ಏನೂ ಕಳಿಸಬೇಡ ಎಂದಿದ್ದೆ. ಕಳಿಸಿದ್ದೇನೆ. ಬೈಯುವುದಾದರೆ ಕಾಗದ ಪೂರ್ತಿ ಓದಿ ಬೈ.

ಜೊತೆಗಿರುವುದು ಆನೆ. ಕಪಾಟಿನಲ್ಲಿದ್ದದ್ದಲ್ಲ, ಹೊಸದಾಗಿ ಹೆಣೆದದ್ದು. ಇದಕ್ಕೆ ಕಣ್ಣಿಲ್ಲ, ಬಾಯಿಲ್ಲ, ಕಿತ್ತು ಬರುವಂಥದ್ದು ಏನೂ ಇಲ್ಲ. ಕೊಡೆಯ ಕೋಲಿನೊಳಗೆ ತಂತಿಯೂ ಇಲ್ಲ, ಬರೀ ಉಲ್ಲನ್ನು ಬಿಗಿಯಾಗಿ ಸುತ್ತಿದ್ದೇನೆ. ಮೊದಲು ಬಾಲ ಇಟ್ಟಿದ್ದೆ. ಬಾಲ ಬಾಯಿಗೆ ಹಾಕಿಕೊಂಡರೆ ಎಂದು ಬಿಚ್ಚಿದೆ. ಆಮೇಲೆ ಸೊಂಡಿಲೂ ಒಂದು ಥರ ಬಾಲವೇ ಅಲ್ಲವೇ ಅನ್ನಿಸಿತು. ಅದನ್ನೂ ಬಿಚ್ಚಲು ಕ್ರೋಶಾ ಕಡ್ಡಿ ತೂರಿಸಿದೆ. ಸೊಂಡಿಲು ಹೋದರೆ ಇದನ್ನು ಆನೆ ಅಂತ ಯಾರು ಒಪ್ಪುತ್ತಾರೆ? ಬಿಟ್ಟೆ. ಆದರೆ ಬುಡದಲ್ಲಿ ಮೂರು ಸುತ್ತು ಬಿಗಿದಿದ್ದೇನೆ, ನೀನೂ ಒಂದು ಸಲ ಜಗ್ಗಿ ನೋಡು.

ಕೊಡದಿದ್ದರೂ ಬೇಜಾರಿಲ್ಲ. ಅಟ್ಟದ ಮೇಲಿಡು. ನನ್ನ ಕೈ ಸುಮ್ಮನಿರುವುದಿಲ್ಲ, ಅಷ್ಟೇ.

ಅಂಚೆಯವನು ಆನೆಯನ್ನು ಒದ್ದೆ ಮಾಡಿರಬಾರದೆಂದು ಬೇಡುತ್ತಾ,
ಅಮ್ಮ

*

ಆಗಸ್ಟ್ ೪

ಅಮ್ಮಾ,

ಆನೆ ಬಂತು. ಪಿಟೀಲು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದರ ಮುಂದೆ ಎಲ್ಲಿ?" ಎಂದಳು. ಆಮೇಲೆ ಪೆನ್ನು ತಂದು ತಾನೇ ಮುಖ ಬರೆಯಲು ಕೂತಳು. ಪೆನ್ನು ಉಲ್ಲನ್ನಿನ ಮೇಲೆ ಓಡಲಿಲ್ಲ, ಅತ್ತಳು.

ಮುಖವಿಲ್ಲದ್ದನ್ನು ಮಗುವಿಗೆ ಕೊಡಬೇಡ. ಅವಳಿರಲಿ, ನನಗೇ ನೋಡಲಾಗಲಿಲ್ಲ. ಕಣ್ಣು ಬೇಕಾದರೆ ದಾರದಲ್ಲಿ ಹೊಲಿ. ಗುಂಡಿ ಬೇಡ, ಮಣಿ ಬೇಡ, ಅಂಟಿಸುವುದು ಬೇಡ.

ಮಗಳು

*

ಆಗಸ್ಟ್ ೨೫, ಭಾನುವಾರ

ಮಗಳೇ,

"ಹೊಲಿ" ಎಂದೆಯಲ್ಲ, ಆ ಒಂದು ಮಾತನ್ನು ಎಷ್ಟು ಸಲ ಓದಿದೆನೋ, ಕಾಗದದ ಮಡಿಕೆ ಹರಿದುಹೋಯಿತು.

ಹೆಣೆಯುವುದು ಬರುತ್ತದೆ ಹೊರತು ನನಗೆ ಕಸೂತಿ ಎಲ್ಲಿ ಬರಬೇಕು? ಗಂಟು ಹೊಲಿಗೆ ಒಂದು ಗೊತ್ತಿತ್ತು, ಸೂಜಿಗೆ ಮೂರು ಸುತ್ತು ದಾರ ಸುತ್ತಿ ಎಳೆದರೆ ಮೆಣಸಿನ ಕಾಳಿನಂತೆ ಕೂರುತ್ತದಲ್ಲ, ಅದು. ಕಣ್ಣಿಗೆ ಅದೇ ಸರಿ ಎಂದು ಕೋಳಿಯ ಮುಖಕ್ಕೆ ಹಾಕಿದೆ. ಎಳೆದೆ. ಪುಳಕ್ಕನೆ ಒಳಗೆ ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಆರು ಕಣ್ಣು ನುಂಗಿತು ಆ ಕೋಳಿ. ಗುಂಡಿ ಬಿಟ್ಟು ದಾರ ಹಿಡಿದರೆ ದಾರವೂ ಹೀಗೇ ಮಾಡಿದರೆ?

ಲಾಂಡ್ರಿಯ ಹಿಂದಿನ ಕಿಟಕಿಯ ಹತ್ತಿರ ಕೂರುವ ರಫೂ ಅಣ್ಣ ನಿನಗೆ ನೆನಪಿರಬೇಕು, ಹರಿದ ಬಟ್ಟೆಯನ್ನು ಹರಿದದ್ದೇ ಗೊತ್ತಾಗದ ಹಾಗೆ ಹೆಣೆಯುವವರು. ಊಟದ ಬಿಡುವಿನಲ್ಲಿ ಕೋಳಿ ಹಿಡಿದು ಅವರ ಮುಂದೆ ನಿಂತೆ.

"ಏನಕ್ಕಾ, ಕೋಳಿಗೆ ಕಣ್ಣು ನೋವಾ?" ಎಂದರು.

"ತಮಾಷೆ ಬೇಡ. ಗಂಟು ನಿಲ್ತಾ ಇಲ್ಲ."

ತಿರುಗಿಸಿ ನೋಡಿದರು. "ಕ್ರೋಶಾ ಅಂದರೇನೇ ತೂತು. ನೀವು ತೂತಿನಲ್ಲೇ ಸೂಜಿ ಇಳಿಸಿದ್ರೆ ಗಂಟು ಅದೇ ದಾರೀಲಿ ಮನೆಗೆ ಹೋಗುತ್ತೆ. ಎಳೆಯನ್ನ ಸೀಳಿ ಹೋಗಿ. ಒಂದು ಎಳೆ ಸೀಳಿ ಮೇಲೆ ಬನ್ನಿ, ಪಕ್ಕದ ಎಳೆ ಸೀಳಿ ಕೆಳಗೆ ಹೋಗಿ."

"ಎಳೆ ಸೀಳಿದ್ರೆ ಹೆಣಿಗೆ ಹಾಳಾಗಲ್ವಾ?"

"ಸೀಳೋದು ಅಂದ್ರೆ ಕೊಡಲಿ ತಗೊಂಡಲ್ಲಕ್ಕಾ, ಸೂಜೀಲಿ!"

ಇನ್ನೊಂದು ಉಪಾಯವನ್ನೂ ಹೇಳಿದರು. ಹತ್ತಿ ತುಂಬುವ ಮೊದಲೇ ಮುಖದ ಒಳಗಡೆ ಒಂದು ಚೂರು ಬಟ್ಟೆ ಇಟ್ಟು, ಉಲ್ಲನ್ನನ್ನೂ ಬಟ್ಟೆಯನ್ನೂ ಸೇರಿಸಿ ಹೊಲಿಯಬೇಕಂತೆ. ಆಗ ಗಂಟಿಗೆ ಬೆನ್ನು ಸಿಗುತ್ತದೆ. ಕೋಳಿಯ ತಲೆ ಬಿಚ್ಚಿದೆ, ಹತ್ತಿ ಹೊರಗೆ ತೆಗೆದೆ, ಮೊದಲಿಂದ ಶುರು ಮಾಡಿದೆ. ಕಣ್ಣು ಕೂತಿತು! ಆ ಖುಷಿಯಲ್ಲಿ ಕೈ ನಿಲ್ಲಲಿಲ್ಲ. ಕೊಕ್ಕಿಗೆ ತುಂಬು ಹೊಲಿಗೆ ಹಾಕಿದೆ. ರೇನ್‌ಕೋಟಿನ ಅಂಚಿಗೆ ಸರಪಳಿ ಹೊಲಿಗೆ, ಜೇಬಿನ ಮೇಲೆ ಲೇಜಿ ಡೇಜಿ ಹೊಲಿಗೆಯ ಹೂವು ಐದು. ಬರೀ ಹೆಣೆದ ಕೋಳಿ ಬೇರೆ, ಅದರ ಮೇಲೆ ಕಸೂತಿ ಹತ್ತಿದ ಕೋಳಿ ಬೇರೆ ಮಗಳೇ. ಎಲ್ಲೋ ಹೊರಟಿರುವ ಹಾಗೆ ಕಾಣುತ್ತದೆ.

ಪರೀಕ್ಷೆಯನ್ನೂ ಮಾಡಿದ್ದೇನೆ. ಒಂದೊಂದು ಕಣ್ಣು ಐವತ್ತು ಸಲ ಜಗ್ಗಿದೆ. ಬಿಸಿ ನೀರಿನಲ್ಲಿ ನೆನೆಸಿದೆ. ಸಾಲದೆಂದು ಹೋಟೆಲಿನ ನಲವತ್ತು ಬೆಡ್‌ಶೀಟಿನ ಜೊತೆ ದೊಡ್ಡ ಮೆಷಿನ್ನಿಗೂ ಹಾಕಿದೆ. ಯಜಮಾನರು ಬಾಗಿಲು ತೆಗೆದರೆ ಮೇಲೆ ಇದೇ ಕೂತಿದೆ. "ಯಾರದಿದು ಕೋಳಿ? ನಂಬರ್ ಚೀಟಿ ಎಲ್ಲಿ?" ಎಂದು ಅವರು ಕೂಗಿದ್ದಕ್ಕೆ ರಫೂ ಅಣ್ಣ ನಕ್ಕು ನಕ್ಕು ಸೂಜಿ ಕಳೆದುಕೊಂಡರು.

ಯಜಮಾನರಿಗೆ ಮೊದಲೇ ನನ್ನ ಮೇಲೆ ಸಿಟ್ಟು. ಹೋದ ವಾರ ಯಾರದೋ ಕಪ್ಪು ಕೋಟಿಗೆ ನೀಲಿ ದಾರದಲ್ಲಿ ಗುಂಡಿ ಹಚ್ಚಿಬಿಟ್ಟಿದ್ದೆನಂತೆ, ಗಿರಾಕಿ ವಾಪಸು ತಂದ. ನನ್ನ ಮೂಲೆಯ ಬಲ್ಬು ಮಂಕಾಗಿದೆ, ಬದಲಾಯಿಸಿ ಎಂದರೆ ಕೇಳುವವರಿಲ್ಲ.

ಕೋಳಿಯನ್ನು ಕಳಿಸುತ್ತಿದ್ದೇನೆ. ಕೊಡುವ ಮೊದಲು ನೀನೂ ಜಗ್ಗು. ಕರುಣೆ ತೋರಿಸಬೇಡ.

ಕೈಯೆಲ್ಲ ಸೂಜಿ ಚುಚ್ಚಿಸಿಕೊಂಡ,
ಅಮ್ಮ

*

ಸೆಪ್ಟೆಂಬರ್ ೧೫

ಅಮ್ಮಾ,

ಜಗ್ಗಿದೆ. ಕೈಯಲ್ಲಿ ಬರಲಿಲ್ಲವೆಂದು ಹಲ್ಲಿನಲ್ಲಿ ಕಚ್ಚಿ ಎಳೆದೆ. ಇವರು ಅದೇ ಹೊತ್ತಿಗೆ ಒಳಗೆ ಬಂದು, "ಹಸಿವಾದ್ರೆ ಅಡುಗೆ ಮಾಡ್ಕೊಳ್ಳೇ" ಎಂದರು. ಕಣ್ಣು ಬರಲಿಲ್ಲ.

ಪಿಟೀಲು ಅದನ್ನು ಎತ್ತಿಕೊಂಡು ತುಂಬ ಹೊತ್ತು ಮುಖ ನೋಡಿ, "ಇದು ಅಜ್ಜಿ" ಎಂದಳು. ನಾನೂ ನೋಡಿದೆ. ಹುಬ್ಬು ಮೇಲೆ ಎತ್ತಿಕೊಂಡು, ಬಾಯಿ ಒಂದು ಚೂರು ತೆರೆದುಕೊಂಡು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎನ್ನುವ ಮುಖ. ನಗು ಬಂತು. ಈಗ ಅದರ ಹೆಸರು ಅಜ್ಜಿಕೋಳಿ. ಊಟಕ್ಕೂ ಅದು ಪಕ್ಕದಲ್ಲೇ ಬೇಕು.

ಒಂದು ಕೇಳಬೇಕು. ನಿಮ್ಮ ಲಾಂಡ್ರಿಯಲ್ಲಿ ಆ ಬಲ್ಬು ಬದಲಾಯಿಸಿದರೇ?

ಮಗಳು

*

ಅಕ್ಟೋಬರ್ ೬, ಭಾನುವಾರ

ಮಗಳೇ,

ಬಲ್ಬಿನ ಚಿಂತೆ ನಿನಗೆ ಯಾಕೆ? ಬದಲಾಯಿಸಿದರು, ಅದೂ ಮಂಕೇ. ಈಗಿನ ಬಲ್ಬುಗಳೇ ಹಾಗೆ.

ಕನ್ನಡಕ ಹಾಕಿದ ಕತ್ತೆ ಮತ್ತು ಆ ಸೂಟ್‌ಕೇಸಿನ ಬಸವನಹುಳ ಇದರ ಜೊತೆ ಇವೆ. ಕತ್ತೆಯ ಕನ್ನಡಕ ನಿಮ್ಮ ಅಂಗಡಿಯ ಲೆಕ್ಕಕ್ಕೆ ಹೊಂದುವ ಹಾಗಿಲ್ಲ, ಸರಪಳಿ ಹೊಲಿಗೆಯಲ್ಲಿ ಎರಡು ಸೊನ್ನೆ ಸುತ್ತಿದ್ದೇನೆ ಅಷ್ಟೇ. ಗೊಂಬೆಯ ವಿಷಯ ಇಲ್ಲಿಗೆ ಬಿಡುತ್ತೇನೆ. ಇವತ್ತು ಬೇರೆ ಮಾತು ಹೇಳಬೇಕು. ನಾಲ್ಕು ಸಲ ಬರೆದು ಹರಿದೆ, ಇದು ಐದನೆಯದು.

ಮೊನ್ನೆ ಅಳಿಯಂದಿರು ಫೋನ್ ಮಾಡಿದ್ದರು. ನೀನು ಮಗುವಿಗೆ ಒಂದೊಂದು ದ್ರಾಕ್ಷಿಯನ್ನೂ ನಾಲ್ಕು ಹೋಳು ಮಾಡಿ, ಆ ಹೋಳನ್ನು ಮತ್ತೆ ಕಿವುಚಿ ಕೊಡುತ್ತೀಯಂತೆ. ನನ್ನ ಗೊಂಬೆ ಬಿಟ್ಟು ಉಳಿದ ಆಟದ ಸಾಮಾನೆಲ್ಲ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ್ದೀಯಂತೆ. ಅವಳು ಕೆಮ್ಮಿದಳು ಎಂದು ಫೋನ್ ಬಂದರೆ ಗಿರಾಕಿಯನ್ನು ಯಂತ್ರದ ಮುಂದೆ ಕೂರಿಸಿ ಓಡಿ ಬರುತ್ತೀಯಂತೆ. "ಅತ್ತೇ, ಇವಳು ನಿಮ್ಮ ಥರಾನೇ ಆಗ್ತಿದ್ದಾಳೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹೆದರಿಕೆ ಏನೆಂದು ನನಗೆ ಗೊತ್ತು. ಅದರ ಜೊತೆ ಐವತ್ತೇಳು ವರ್ಷ ಸಂಸಾರ ಮಾಡಿದ್ದೇನೆ. ನಿನಗೆ ಅದು ಬೇಡ.

ನೀನು ಮಗುವನ್ನು ಕಾಯಲಿಲ್ಲ, ಅದಕ್ಕೇ ಹೀಗಾಯಿತು ಎಂದು ನಿನ್ನ ಮನಸ್ಸಿನಲ್ಲಿದ್ದರೆ ತೆಗೆದುಹಾಕು. ಆ ಗುಂಡಿ ಸಡಿಲವಾಗಿದ್ದದ್ದು ನನಗೆ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಕಪ್ಪೆಯನ್ನು ಚಾಪೆಯಿಂದ ಎತ್ತಿದಾಗಲೇ ಗೊತ್ತಾಯಿತು, ಎಡಗಣ್ಣು ಅಲುಗಾಡುತ್ತಿದೆ. ಕಣ್ಣಿನಿಂದ ನೋಡುವುದೇ ಬೇಡ, ಗುಂಡಿ ಎಷ್ಟು ದಿನ ಬಾಳುತ್ತದೆ ಎಂದು ನನ್ನ ಬೆರಳೇ ಹೇಳುತ್ತದೆ. ಸೂಜಿ ದಾರ ಚೀಲದಲ್ಲೇ ಇತ್ತು. ಎರಡು ನಿಮಿಷದ ಕೆಲಸ. ನಾನು ಹೊಲಿಯಲಿಲ್ಲ, ನಿನಗೆ ಹೇಳಲೂ ಇಲ್ಲ. ಹಾಗೇ ಚಾಪೆಯ ಮೇಲೆ ವಾಪಸು ಇಟ್ಟೆ. ಇರುವೆ ಸತ್ತರೂ ಗೋಳಾಡುವ ನಾನು ಆ ಒಂದು ಹೊತ್ತು ಸುಮ್ಮನಿದ್ದೆ. ಯಾಕೆ ಅಂತ ಕೇಳಬೇಡ.

ಈಗ ಗೊತ್ತಾಯಿತಲ್ಲ. ಸಿಟ್ಟೆಲ್ಲ ನನ್ನ ಮೇಲೆ ಹಾಕು. ದ್ರಾಕ್ಷಿಯನ್ನು ಬಿಡು. ಇನ್ನು ನೀನು ನನ್ನನ್ನು ಯಾವತ್ತೂ ಮನೆಗೆ ಕರೆಯದಿದ್ದರೂ ಸರಿ, ಅಟ್ಟದ ಚೀಲ ಕೆಳಗಿಳಿಸು.

ಹೇಳಬೇಕಾದದ್ದನ್ನು ತಡವಾಗಿ ಹೇಳಿದ,
ಅಮ್ಮ

*

ಅಕ್ಟೋಬರ್ ೨೦

ಅಮ್ಮಾ,

ಯಾಕೆ ಅಂತ ಕೇಳಬೇಡ ಎಂದೆ. ಕೇಳುವುದಿಲ್ಲ. ನನಗೆ ಗೊತ್ತು.

ನೀನು ಬಂದು ಆಗ ನಾಲ್ಕು ದಿನವಾಗಿತ್ತು. ಚಾಪೆಯ ಅಂಚು ಎದ್ದಿದೆ, ಮಗು ಎಡವುತ್ತೆ. ಬಕೆಟ್ಟಿನಲ್ಲಿ ನೀರು ಬಿಡಬೇಡ. ಕಿಟಕಿಯ ಚಿಲಕ ಸರಿಯಿಲ್ಲ ಎಂದು ನೀನು ಒಂದೇ ಸಮ ಹೇಳುತ್ತಿದ್ದೆ. ನನಗೆ ಕೆಲಸಕ್ಕೆ ಹೊತ್ತಾಗಿತ್ತು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದು ಹುಡುಕುತ್ತಿದ್ದೆ. ನೀನು ಕಪ್ಪೆ ಎತ್ತಿಕೊಂಡು, "ನೋಡೇ ಇಲ್ಲಿ, ಇದರ..." ಎಂದೆ. ನಾನು ನಿನಗೆ ಮಾತು ಮುಗಿಸಲು ಬಿಡಲಿಲ್ಲ. "ಸಾಕಮ್ಮಾ! ಅದು ಬೀಳುತ್ತೆ, ಇದು ಒಡೆಯುತ್ತೆ, ತಲೆ ತಿಂದುಬಿಟ್ಟೆ. ಒಂದು ದಿನ, ಒಂದೇ ಒಂದು ದಿನ ಬಾಯಿ ಮುಚ್ಚಿಕೊಂಡಿರು" ಎಂದೆ. ನೀನು "ಸರಿ" ಎಂದು ಕಪ್ಪೆಯನ್ನು ಕೆಳಗಿಟ್ಟು ಅದರ ಬೆನ್ನು ಸವರಿದೆ. ಮಧ್ಯಾಹ್ನ ನಾವು ಆಸ್ಪತ್ರೆಯಲ್ಲಿದ್ದೆವು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇವರಿಗೂ ಹೇಳಿರಲಿಲ್ಲ. ಎಲ್ಲರೂ ನಿನ್ನ ಗುಂಡಿಯನ್ನು ಬೈದರು, ನಾನು ಕೇಳುತ್ತಾ ಕೂತೆ. ಬರಬೇಡ ಎಂದದ್ದು ನಿನ್ನ ಮೇಲಿನ ಸಿಟ್ಟಿಗಲ್ಲಮ್ಮಾ. ನಿನ್ನ ಮುಖ ನೋಡಿದರೆ ನನ್ನದೇ ಆ ಮಾತು ನನಗೆ ಕೇಳಿಸುತ್ತಿತ್ತು. ನೀನು ಈ ಕಾಗದದಲ್ಲಾದರೂ ಅದನ್ನು ಬರೆದು ನನ್ನ ಮುಖಕ್ಕೆ ಎಸೆಯುತ್ತೀಯ ಎಂದುಕೊಂಡೆ. ಬರೆಯಲಿಲ್ಲ. ಅದನ್ನೇ ತಡೆಯಲಾಗಲಿಲ್ಲ. ನಿನ್ನೆ ಇವರಿಗೆ ಎಲ್ಲ ಹೇಳಿದೆ. ಅಟ್ಟದ ಚೀಲ ಇಳಿಸಿದ್ದೇವೆ, ದ್ರಾಕ್ಷಿ ಇನ್ನು ಎರಡೇ ಹೋಳು.

ಈಗ ಇನ್ನೊಂದು ಮಾತು, ಕನ್ನಡಕದಂಗಡಿಯವಳಾಗಿ. ಕೋಳಿ, ಕತ್ತೆ, ಬಸವನಹುಳ ಮೂರನ್ನೂ ಅಂಗಡಿಗೆ ಒಯ್ದು ದೊಡ್ಡ ದೀಪದ ಕೆಳಗೆ ಇಟ್ಟು ನೋಡಿದೆ. ಕೋಳಿಯ ಒಂದು ಕಣ್ಣು ಕಪ್ಪು, ಇನ್ನೊಂದು ಕಡುನೀಲಿ. ಕತ್ತೆಯ ಕನ್ನಡಕದಲ್ಲೂ ಅರ್ಧ ಸುತ್ತು ಕಪ್ಪು, ಅರ್ಧ ನೀಲಿ. ಬಸವನಹುಳದ ಎರಡೂ ಕಣ್ಣು ನೀಲಿ, ಬಾಯಿ ಕಪ್ಪು. ಆ ಗಿರಾಕಿಯ ಕೋಟೂ ಹೀಗೇ. ಇದು ಬಲ್ಬಲ್ಲ. ಕಪ್ಪಿಗೂ ಕಡುನೀಲಿಗೂ ವ್ಯತ್ಯಾಸ ಕಾಣದೆ ನಮ್ಮಲ್ಲಿಗೆ ಬರುವವರು ಎಷ್ಟೋ ಜನ. ಕಣ್ಣಿಗೆ ಪೊರೆ ಬಂದಿರುತ್ತದೆ. ಎಂದಿನಿಂದ ಹೀಗೆ? ಕೆಲಸ ಹೋಗುತ್ತದೆಂದು ಬಾಯಿ ಬಿಟ್ಟಿಲ್ಲ, ಅಲ್ಲವೇ?

ಪೊರೆ ತೆಗೆಯಬಹುದು. ಇಲ್ಲಿ ಒಳ್ಳೆಯ ಡಾಕ್ಟರು ಇದ್ದಾರೆ. ಬಾ. ಕಣ್ಣಿಗಾಗಿಯೇ ಬಾ ಎನ್ನುತ್ತಿಲ್ಲ. ಬಾ.

ನಿನ್ನ ಮಗಳು

*

ಅಕ್ಟೋಬರ್ ೨೯

ಮಗಳೇ,

ನಿನ್ನ ಕಾಗದ ಲಾಂಡ್ರಿಗೇ ಬಂತು. ಕೌಂಟರಿನಲ್ಲಿ ನಿಂತು ಓದಿ ಅತ್ತೆ. ಗಿರಾಕಿಯೊಬ್ಬ ತನ್ನ ಪ್ಯಾಂಟು ಕಳೆದುಹೋಗಿದೆ ಎಂದೇ ತಿಳಿದು, "ಪರವಾಗಿಲ್ಲ ಬಿಡಿ ಅಮ್ಮಾ, ಹಳೇದೇ ಅದು" ಎಂದು ನನಗೆ ಸಮಾಧಾನ ಹೇಳಿದ.

ನೀನು ಅವತ್ತು ಹೇಳಿದ ಮಾತನ್ನು ನಾನು ಬರೆಯಲಿಲ್ಲ ನಿಜ. ಹೊತ್ತಾದಾಗ ಯಾರ ಬಾಯಲ್ಲಿ ಏನು ಬರುವುದಿಲ್ಲ? ನಿನ್ನ ಜಾಗದಲ್ಲಿ ನಾನಿದ್ದರೆ ಎರಡನೇ ದಿನವೇ ಹೇಳುತ್ತಿದ್ದೆ. ಆದರೆ ನನ್ನದೂ ಇದೆ ಮಗಳೇ. ಬೈಸಿಕೊಂಡ ಮೇಲೆ ನನಗೆ ಒಂದು ಹಠ ಬಂದಿತ್ತು. ನೋಡು, ನಾನೂ ಸುಮ್ಮನಿರಬಲ್ಲೆ ಎಂದು ತೋರಿಸುವ ಹಠ. ಒಂದು ದಿನ ಗಾಬರಿಯಿಲ್ಲದ ಹೆಂಗಸಿನ ಹಾಗೆ ಕಾಲು ಚಾಚಿ ಕೂತೆ. ಹಾಗೆ ಕೂರಲು ನನಗೆ ಆ ದಿನವೇ ಸಿಕ್ಕಿತು.

ಕಣ್ಣಿನ ವಿಷಯ ಯಜಮಾನರಿಗೆ ಹೇಳಿದೆ. ಅವರು ತಲೆಯನ್ನೂ ಎತ್ತದೆ, "ಎರಡು ಬಲ್ಬು ಬದಲಾಯಿಸಿದ್ಮೇಲೆ ನನಗೆ ಗೊತ್ತಾಗಿತ್ತಮ್ಮಾ. ನೀವಾಗಿ ಹೇಳ್ತೀರಾ ಅಂತ ಕಾಯ್ತಿದ್ದೆ. ಹೋಗಿ ಸರಿ ಮಾಡಿಸ್ಕೊಂಡು ಬನ್ನಿ" ಎಂದರು. ರಫೂ ಅಣ್ಣನಿಗೂ ಗೊತ್ತಿತ್ತಂತೆ. ತಿಂಗಳಿಂದ ನನ್ನ ದಾರದ ಡಬ್ಬಿಯಲ್ಲಿ ಕಪ್ಪನ್ನು ಎಡಕ್ಕೆ, ನೀಲಿಯನ್ನು ಬಲಕ್ಕೆ ಜೋಡಿಸಿಡುತ್ತಿದ್ದರಂತೆ. ನಾನು ಡಬ್ಬಿಯನ್ನೇ ತಿರುಗಿಸಿ ಇಟ್ಟುಕೊಳ್ಳುತ್ತಿದ್ದೆ. ಇಷ್ಟು ಜನ ಇಷ್ಟು ದಿನ ಒಬ್ಬರಿಗೊಬ್ಬರು ಹೇಳದೆ ಹೇಗಿದ್ದೆವೋ.

ಹತ್ತನೇ ತಾರೀಖಿನ ಬೆಳಗಿನ ಬಸ್ಸಿಗೆ ಬರುತ್ತೇನೆ. ಆಪರೇಷನ್ನಿನಲ್ಲಿ ಕಣ್ಣಿಗೆ ಸೂಜಿ ಹಾಕುತ್ತಾರಾ? ಹಾಕುವುದಾದರೆ ಈಗ ಹೇಳಬೇಡ, ಆಮೇಲೆ ಹೇಳು. ಬಸ್ಸಿನಲ್ಲಿ ನನಗೆ ಪಕ್ಕದ ಸೀಟಿನವರು ಎಂಥವರು ಬರುತ್ತಾರೋ. ಮನೆಯ ಬೀಗದ ಕೈ ಒಂದನ್ನು ರಫೂ ಅಣ್ಣನಿಗೆ, ಇನ್ನೊಂದನ್ನು ಎದುರು ಮನೆಯವರಿಗೆ ಕೊಡುತ್ತೇನೆ, ಇಬ್ಬರೂ ಕಳೆದರೆ ಎಂದು ಮೂರನೆಯದು ಮಾಡಿಸಿದ್ದೇನೆ. ನಗು, ಪರವಾಗಿಲ್ಲ.

ಮಗಳೇ, ಇನ್ನು ಇದನ್ನು ನಗದೆ ಓದು. ನಿಮ್ಮ ಹಿಂದಿನ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಕಡೆ, ಗೋಡೆಯಿಂದ ಎರಡನೆಯ ಕಂಬಿ ಬುಡದಲ್ಲಿ ಅಲುಗಾಡುತ್ತದೆ. ಕೆಳಗೆ ತುಕ್ಕು ತಿಂದಿದೆ. ಅಲ್ಲಿದ್ದ ನಾಲ್ಕು ದಿನದಲ್ಲೇ ಕೈಗೆ ಗೊತ್ತಾಗಿತ್ತು. ಆವತ್ತು ಬಾಯಿ ಮುಚ್ಚಿಕೊಂಡದ್ದರಲ್ಲಿ ಇದೂ ಒಂದು. ಆಮೇಲೆ, ಮಗುವನ್ನು ಆಸ್ಪತ್ರೆಗೆ ಕಳಿಸಿದವಳು ಯಾವ ಮುಖ ಇಟ್ಟುಕೊಂಡು ಕಂಬಿಯ ಮಾತಾಡುವುದು ಎಂದು ಪ್ರತಿ ಕಾಗದದಲ್ಲೂ ಬರೆದು ಬರೆದು ಹೊಡೆದುಹಾಕಿದೆ. ನಾನು ನಿನಗೆ ಬರೆದ ಹಳೆಯ ಕಾಗದಗಳನ್ನು ತೆಗೆದು ನೋಡು, ಕೊನೆಯಲ್ಲಿ ಒಂದು ಸಾಲು ಕಪ್ಪಗೆ ಗೀಚಿರುತ್ತದೆ.

ಈ ಸಲ ಗೀಚುವುದಿಲ್ಲ. ಇದನ್ನು ಓದಿದ ಕೂಡಲೇ ಆ ಬಾಗಿಲಿಗೆ ಚಿಲಕ ಹಾಕು, ನಾಳೆಯೇ ವೆಲ್ಡಿಂಗಿನವನನ್ನು ಕರೆಸು, ಮೊದಲು ಕಂಬಿ. ನಾನು ಹತ್ತಕ್ಕೆ ಬರುತ್ತೇನೆ.

ಅಮ್ಮ